ಚಿಗವ್ವನ ಎಡಮಗ್ಗುಲು

ಸೀರೆ ನೇಯುವ ಹೆಂಗಸು, ಆದರೆ ಮೈಗೆ ಬಟ್ಟೆ ತಾಗಿದರೆ ತಾಳಿಕೊಳ್ಳುವುದು ಆಕೆಗೆ ಕಷ್ಟವಾಗಿತ್ತು. ಇದನ್ನು ಯಾರಿಗಾದರೂ ಹೇಳಿದರೆ ನಾನು ಕತೆ ಕಟ್ಟುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಕತೆ ಕಟ್ಟುವ ಪುರಸೊತ್ತು ನನಗಿಲ್ಲ. ಗಜೇಂದ್ರಗಡದಲ್ಲಿ ಔಷಧಿ ಅಂಗಡಿ ಇಟ್ಟವಳು ನಾನು. ಡಾಕ್ಟರರ ಕೋಳಿಕಾಲಿನ ಅಕ್ಷರ ಓದುವುದು, ಗುಳಿಗೆ ಎಣಿಸಿ ಕೊಡುವುದು, ಯಾವುದು ಊಟಕ್ಕೆ ಮುಂಚೆ ಯಾವುದು ಆಮೇಲೆ ಅಂತ ಒಂದೇ ಮಾತನ್ನು ನಾಲ್ಕು ಸಲ ಹೇಳಿ ಗಂಟಲು ಒಣಗಿಸಿಕೊಳ್ಳುವುದು, ಇದರಲ್ಲೇ ನನ್ನ ದಿನ ಮುಗಿಯುತ್ತದೆ.

ಆಕೆ ನಮ್ಮ ಅಂಗಡಿಯ ಹಿಂದಿನ ಓಣಿಯವಳು. ಹೆಸರು ಬೇಡ. ಓಣಿಯಲ್ಲಿ ಸಣ್ಣವರು ದೊಡ್ಡವರು ಎಲ್ಲರೂ ಚಿಗವ್ವ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತ ಬಂದೆ. ತವರು ಜಕ್ಕಲಿ. ಮದುವೆಯಾಗಿ ಬಂದ ವರ್ಷವೇ ಗಂಡನ ಮನೆಯ ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟು ಕೂತವಳು, ನಲವತ್ತು ವರ್ಷ ಅಲ್ಲೇ ಕೂತಳು. ಕಳೆದ ತಿಂಗಳು ಸಣ್ಣ ಜ್ವರವೆಂದು ಮಲಗಿದಳು, ಮೂರನೇ ದಿನ ತೀರಿಕೊಂಡಳು. ಅಂದಿನಿಂದ ನನಗೆ ಕೈಕಾಲು ಆಡುತ್ತಿಲ್ಲ. ಬಳಗವಲ್ಲ, ಕುಲವಲ್ಲ, ಗಿರಾಕಿ. ಆದರೂ ಆಕೆಯನ್ನು ಕುರಿತು ಬರೆಯದೆ ಇರಲಾರೆ ಅನ್ನಿಸಿದೆ.

ಆಕೆಯ ನೋವು ಎಡಮಗ್ಗುಲಲ್ಲಿತ್ತು. ಬೆನ್ನಿನ ನಡುವಿನಿಂದ ಹೊರಟು, ಕಂಕುಳ ಕೆಳಗೆ ಹಾದು, ಎದೆಯ ಕೆಳಗೆ ಬಂದು ನಿಲ್ಲುತ್ತಿತ್ತು. ಅಂಗೈ ಅಗಲದ ಪಟ್ಟಿ. ಆ ಪಟ್ಟಿಯ ಮೇಲೆ ಕುಬಸದ ಬಟ್ಟೆ ಸರಿದಾಡಿದರೆ ಮುಗಿಯಿತು. ಮಗ್ಗದಲ್ಲಿ ಬಲಗೈ ಲಾಳಿಯ ಹಗ್ಗ ಎಳೆಯುತ್ತದೆ, ಎಡಗೈ ಹಲಗೆ ಬಡಿಯುತ್ತದೆ. ಒಂದು ಎಳೆಗೆ ಒಂದು ಬಡಿತ. ಒಂದು ಬಡಿತಕ್ಕೆ ಒಂದು ಸಲ ಕುಬಸ ಸರಿಯುತ್ತದೆ. ಒಂದು ಸೀರೆಗೆ ಎಷ್ಟು ಸಾವಿರ ಎಳೆ ಅಂತ ನೇಕಾರರನ್ನೇ ಕೇಳಬೇಕು. ನಾನು ಒಮ್ಮೆ ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟೆ, ತಲೆ ಸುತ್ತಿತು.

ಗಂಡನ ಹಳೆಯ ಧೋತರ ತೊಳೆದು ತೊಳೆದು ಜಾಳಾದದ್ದನ್ನು ಕತ್ತರಿಸಿ ತಾನೇ ಕುಬಸ ಹೊಲಿದುಕೊಂಡಿದ್ದಳು, ಎಡಗಡೆ ಎರಡು ಗೇಣು ಸಡಿಲ ಬಿಟ್ಟು. ಓಣಿಯ ಹೆಂಗಸರು ನಗುತ್ತಿದ್ದರು. ಆಕೆಯೂ ಅವರ ಜೊತೆ ನಗುತ್ತಿದ್ದಳು. "ನನ್ನ ಕುಬಸದಾಗ ಇನ್ನೊಬ್ಬಾಕಿ ಹಿಡೀತಾಳ್ರಿ" ಅನ್ನುತ್ತಿದ್ದಳು.

ನೂಲು ಕೊಡುವ ಮಾಲೀಕನ ಮನೆಗೆ ಹೋದರೆ, ಮುಗಿದ ಸೀರೆಯ ಸೆರಗಿನ ತುದಿಯನ್ನು ಎಡಮಗ್ಗುಲಿಗೆ ಒಮ್ಮೆ ಮೆಲ್ಲಗೆ ತಾಗಿಸಿ ನೋಡುತ್ತಿದ್ದಳಂತೆ. ಉಸ್ ಅಂದರೆ ಗಂಜಿ ಹೆಚ್ಚಾಗಿದೆ ಅಂತ ಅರ್ಥ. ತಡೆದುಕೊಂಡು ಒಂದು ಉಸಿರು ಎಳೆಯಲು ಆದರೆ ಸೀರೆ ಮೆತ್ತಗಿದೆ ಅಂತ. "ನನ್ನ ಮಗ್ಗಲಿಗೆ ಕೇಳ್ರಿ, ಅದಕ್ಕ ಎಲ್ಲಾ ತಿಳೀತೈತಿ" ಅಂತ ಚೇಷ್ಟೆ ಬೇರೆ. ಮಾಲೀಕ ನಕ್ಕು ಕಳಿಸುತ್ತಿದ್ದ. ಆಮೇಲಾಮೇಲೆ ಬೇರೆಯವರು ನೇಯ್ದ ಸೀರೆಯನ್ನೂ ಆಕೆಯ ಕೈಗೆ ಕೊಟ್ಟು, ನೋಡವ್ವ ಅನ್ನತೊಡಗಿದ. ಜೀವ ಹಿಂಡುವ ಜಾಗವನ್ನೇ ಕೆಲಸಕ್ಕೆ ಹಚ್ಚಿದವಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ನನ್ನ ಪಾಪದ ಪಾಲನ್ನೂ ಹೇಳಿಬಿಡಬೇಕು. ಆರು ವರ್ಷ ಆಕೆಗೆ ಔಷಧಿ ಮಾರಿದವಳು ನಾನೇ. ಮೊದಲು ಬಂದಾಗ ಗ್ಯಾಸ್ ಎಂದು ಗುಳಿಗೆ ಕೊಟ್ಟೆ. ಆಮೇಲೆ ಸ್ನಾಯು ಹಿಡಿದಿದೆಯೆಂದು ಉರಿಯುವ ಮುಲಾಮು ಕೊಟ್ಟೆ. ಒಂದು ಸಲ ಮಹಾ ಜಾಣೆಯ ಹಾಗೆ ಬಿಸಿನೀರಿನ ಚೀಲ ಕೊಟ್ಟು ಕಾಸಿಕೊಳ್ಳಲು ಹೇಳಿದೆ. ಮರುದಿನ ತಂದು ಮೇಜಿನ ಮೇಲಿಟ್ಟು, "ನಿಮ್ಮ ಚೀಲ ನೀವ ಇಟ್ಕೋರ್ರಿ ಅಕ್ಕಾರ, ನನ್ನ ಮಗ್ಗಲಿಗೂ ಅದಕ್ಕೂ ಬಗೀಹರಿಲಿಲ್ಲ" ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರರನ್ನೂ ಕಂಡದ್ದಾಯಿತು. ಎಡಗಡೆ ನೋವು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಹೃದಯ. ಊರಲ್ಲೇ ಎದೆಯ ಇಸಿಜಿ ಪಟ್ಟಿ ತೆಗೆಸಿದರು, ಸರಿ ಇತ್ತು. ರೋಣದಲ್ಲಿ ಒಬ್ಬರು ಪಕ್ಕೆಲುಬಿನ ಫೋಟೋ ತೆಗೆಸಿದರು, ಅದೂ ಸರಿ. ಗದಗಿಗೆ ಹೋಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು, ಅದೂ. ಕೊನೆಗೊಬ್ಬರು "ಮನಸ್ಸಿಗೆ ಹಚ್ಕೋಬ್ಯಾಡ್ರಿ, ವಯಸ್ಸಿನ ಸಲುವಾಗಿ ಹಿಂಗ ಆಗತೈತಿ" ಅಂದು ನಿದ್ದೆಯ ಗುಳಿಗೆ ಬರೆದರು. ಎಲ್ಲರೂ ಕುಬಸದ ಮೇಲಿನಿಂದಲೇ ಕೊಳವೆ ಇಟ್ಟು ನೋಡಿದವರು. ಎಲ್ಲರೂ ಹಿಂದೆ ಏನಾದರೂ ಆಗಿತ್ತೇ ಅಂತ ಕೇಳಿದರು. ಎಲ್ಲರಿಗೂ ಆಕೆ "ಏನೂ ಇಲ್ರಿ" ಅಂದಳು.

ಕಾಗದಗಳೆಲ್ಲ ಸರಿ ಇವೆ ಅಂದಮೇಲೆ ಮನೆಯಲ್ಲಿ ಏನಂದಾರು? ಗಂಡ ಕೆಟ್ಟವನಲ್ಲ, ಮಾತು ಕಡಿಮೆ. ಒಂದು ದಿನ ಅಂಗಡಿಗೆ ಬಂದು ನನ್ನನ್ನೇ ಕೇಳಿದ: "ಅಕ್ಕಾರ, ಹೊರಗ ಒಂದು ಬೊಕ್ಕಿ ಇಲ್ಲ, ಬಾವಿಲ್ಲ. ಇಕಿಗೆ ಖರೇನ ನೋವೈತೋ, ಮಗ್ಗ ಸಾಕಾಗೇತೋ?" ನಾನು ಏನು ಹೇಳಲಿ? ನನಗೂ ಗೊತ್ತಿರಲಿಲ್ಲ. ಸೊಸೆ ಮೊದಮೊದಲು ಅಯ್ಯೋ ಅಂದಳು, ಆಮೇಲೆ ಅನ್ನುವುದನ್ನು ಬಿಟ್ಟಳು. ಚಿಗವ್ವನಿಗೆ ನೋವಿಗಿಂತ ಇದು ಹೆಚ್ಚು ತಾಗಿತ್ತು ಅಂತ ನನಗೆ ಗೊತ್ತಾದದ್ದು ಆಕೆ ಒಮ್ಮೆ ತಾನಾಗಿ ಅಂದಾಗ: "ಕೈ ಮುರದಿದ್ರ ಚಲೋ ಇತ್ತ ನೋಡ್ರಿ. ಕಾಣತಿತ್ತು."

ನರಗುಂದಕ್ಕೆ ಹೊಸದಾಗಿ ಒಬ್ಬ ಹೆಣ್ಣುಮಗಳು ಡಾಕ್ಟರಾಗಿ ಬಂದಿದ್ದಾಳೆ, ಪೇಶಂಟು ಮಾತಾಡಿ ಮುಗಿಸುವವರೆಗೆ ಪೆನ್ನು ಮುಟ್ಟುವುದಿಲ್ಲ ಅಂತ ಔಷಧಿ ಕಂಪನಿಯ ಹುಡುಗ ಹೇಳಿದ. ಇಂಥ ಡಾಕ್ಟರು ಬಹಳ ದಿನ ಹೀಗೇ ಉಳಿಯುವುದಿಲ್ಲ, ಬೇಗ ಹೋಗಬೇಕು ಅಂತ ನಾನೇ ಒಂದು ದಿನ ಅಂಗಡಿ ಮುಚ್ಚಿ ಆಕೆಯನ್ನು ಹೊರಡಿಸಿದೆ. ರೋಣದಲ್ಲಿ ಬಸ್ಸು ಬದಲಿಸಿದೆವು. ಸೀಟು ಖಾಲಿ ಇತ್ತು, ಆಕೆ ಕೂರಲಿಲ್ಲ. ಕೂತರೆ ಪಕ್ಕದವರ ಮೈ ತಾಗುತ್ತದೆ. ಕಂಬ ಹಿಡಿದು, ಎಡಮೊಣಕೈಯನ್ನು ಕೋಳಿ ರೆಕ್ಕೆ ಎತ್ತಿದ ಹಾಗೆ ಹೊರಗೆ ಹಿಡಿದು ನಿಂತಳು. ಬೆಳವಣಕಿಯಲ್ಲಿ ಜನ ನುಗ್ಗಿತು. ಒಬ್ಬಾಕೆಯ ಬುಟ್ಟಿ ಆ ಮಗ್ಗುಲಿಗೆ ಉಜ್ಜಿತು. ಚಿಗವ್ವ ಸೆರಗು ಕಚ್ಚಿಕೊಂಡಳು. ಬುಟ್ಟಿಯಾಕೆ "ತಾಗಿತೇನ್ ಬೇ?" ಅಂದಳು. ಈಕೆ ತಲೆ ಅಲ್ಲಾಡಿಸಿ, ಯಾವಗಲ್ ದಾಟುವ ತನಕ ಮಾತಾಡಲಿಲ್ಲ. ಕಣ್ಣಲ್ಲಿ ನೀರು ಮಾತ್ರ ತಾನೇ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

ನರಗುಂದದ ಡಾಕ್ಟರು ಕೇಳಿದಳು, "ಹ್ಯಾಂಗ ಆಗತೈತಿ ಹೇಳ್ರಿ."

"ಖಾರ ಕುಟ್ಟಿದ ಕೈಲೆ ಸವರಿದಂಗ್ರಿ. ಗಾಳಿ ಬಡದ್ರೂ ಉರೀತೈತಿ. ಗಟ್ಟಿ ಒತ್ತಿ ಹಿಡದ್ರ ಅಷ್ಟಿಲ್ಲ, ಮೆಲ್ಲಕ ತಾಗಿದ್ರ ಜೀವಾ ಹೋಗತೈತಿ."

ಡಾಕ್ಟರು ಎದ್ದು ಬಾಗಿಲ ಚಿಲಕ ಹಾಕಿದಳು. "ಕುಬಸ ಎತ್ರಿ, ನೋಡೂಣು."

ಆರು ವರ್ಷದಲ್ಲಿ ಆ ಮಾತನ್ನು ಯಾವ ಡಾಕ್ಟರೂ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ. ನೋಡಿದರೆ, ಬೆನ್ನಿನ ನಡುವಿನಿಂದ ಎದೆಯ ಕೆಳಗಿನವರೆಗೆ ನುಚ್ಚು ಚೆಲ್ಲಿದ ಹಾಗೆ ಬಿಳಿ ಕಲೆಗಳು. ದಿಟ್ಟಿಸಿದರೆ ಮಾತ್ರ ಕಾಣುವಂಥವು.

"ಇಲ್ಲಿ ಗುಳ್ಳಿ ಎದ್ದಿದ್ವೇನ್ರಿ, ಹಿಂದಕ?"

ಚಿಗವ್ವ ಸುಮ್ಮನಿದ್ದಳು. ನನ್ನ ಬಾಯಿ ಸುಮ್ಮನಿರುತ್ತದೆಯೇ? "ಇಲ್ರಿ ಮೇಡಮ್ಮರ, ಆರು ವರ್ಷದಿಂದ ನಾನ ಔಷಧ ಕೊಡಾಕತ್ತೇನಿ, ಅಂಥಾದ್ದೇನೂ ಆಗಿಲ್ಲ" ಅಂದುಬಿಟ್ಟೆ.

"ಅವರ ಹೇಳ್ಲಿ" ಅಂದಳು ಡಾಕ್ಟರು, ನನ್ನ ಕಡೆ ನೋಡದೆ. ನನಗೆ ಅಷ್ಟು ಬೇಕಾಗಿತ್ತು.

ಚಿಗವ್ವ ಕುಬಸ ಇಳಿಸಿಕೊಂಡು ಅಂದಳು, "ಅದರ ಹೆಸರ ತಗೀಬಾರದ್ರಿ."

ಬೇರೆ ಡಾಕ್ಟರಾಗಿದ್ದರೆ ನಗುತ್ತಿದ್ದರು, ಇಲ್ಲವೇ ಗದರಿಸುತ್ತಿದ್ದರು. ಈ ಹುಡುಗಿ ಕುರ್ಚಿ ಹತ್ತಿರ ಎಳೆದುಕೊಂಡಳು. "ಹೆಸರ ಬ್ಯಾಡ್ರಿ. ನಾ ಕೇಳತೇನಿ, ನೀವು ತಲಿ ಅಲ್ಲಾಡಸ್ರಿ, ಸಾಕು. ಹುರಮಂಜ ಹಚ್ಚಿಸಿದ್ರೇನು?"

ಚಿಗವ್ವ ತಲೆ ಅಲ್ಲಾಡಿಸಿದಳು.

ಹುರಮಂಜು ಅಂದರೆ ಕೆಂಪು ಮಣ್ಣು. ಮೈಸುತ್ತ ಪಟ್ಟಿಯ ಹಾಗೆ ಗುಳ್ಳೆ ಎದ್ದರೆ ನಮ್ಮ ಕಡೆ ಮೊದಲು ಅದನ್ನು ಕಲಸಿ ಗುಳ್ಳೆಗಳ ಮೇಲೆ ಬರೆಸುತ್ತಾರೆ, ಡಾಕ್ಟರ ಮಾತು ಆಮೇಲೆ. ಆ ರೋಗಕ್ಕೆ ಸರ್ಪಸುತ್ತು ಅಂತ ಹೆಸರು. ಇಲ್ಲಿ ನಾನು ಬರೆಯುತ್ತಿದ್ದೇನೆ. ಅಂದು ಆ ಕೋಣೆಯಲ್ಲಿ ಯಾರೂ ಅದನ್ನು ಉಚ್ಚರಿಸಲಿಲ್ಲ.

ತಲೆ ಅಲ್ಲಾಡಿಸಿದ ಮೇಲೆ ಒಂದೊಂದೇ ಹೊರಗೆ ಬಂತು. ಆರು ವರ್ಷದ ಹಿಂದೆ ತವರಿಗೆ ಹೋದಾಗ ಅಲ್ಲೇ ಎದ್ದದ್ದು. ತಾಯಿಯೇ ಕರೆದೊಯ್ದು ಬರೆಸಿದ್ದು. ಗುಳ್ಳೆ ಒಣಗಿದ ಮೇಲೆ ಗಂಡನ ಮನೆಗೆ ಬಂದದ್ದು. ತಾಯಿ ತೀರಿಹೋದ ಮೇಲೆ ಇದು ಗೊತ್ತಿದ್ದವಳು ತಾನೊಬ್ಬಳೇ. ಬರೆದ ಮುದುಕ ಕಟ್ಟಪ್ಪಣೆ ಮಾಡಿದ್ದನಂತೆ: ಒಣಗಿದ ಮೇಲೆ ಇದರ ಹೆಸರು ತೆಗೆಯಬಾರದು, ಆದವಳೇ ಬಾಯಿಬಿಟ್ಟು ಹೇಳಿದರೆ ಅದು ಮನೆಯ ಎಲ್ಲಕ್ಕಿಂತ ಸಣ್ಣ ಜೀವಕ್ಕೆ ಹೋಗಿ ಸುತ್ತುತ್ತದೆ.

"ಆವಾಗ ಮೊಮ್ಮಗಳು ತೊಟ್ಟಲದಾಗಿದ್ಲುರಿ. ಮೂರು ತಿಂಗಳಾಕಿ" ಅಂದಳು ಚಿಗವ್ವ.

ಊರಿನ ಡಾಕ್ಟರು, ರೋಣದವರು, ಗದಗಿನವರು, ಎಲ್ಲರ ಮುಂದೆ ಒಂದು ಮಾತು ಆಡಿದ್ದರೆ ಬಿಡುಗಡೆ ಇತ್ತು. ಆ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಕಚ್ಚಿ ಹಿಡಿದು, ಗಂಡನಿಂದ ಮೈಗಳ್ಳಿ ಅನ್ನಿಸಿಕೊಂಡು, ದಿನಕ್ಕೆ ಸಾವಿರ ಸಲ ಆ ಮಗ್ಗುಲಿಗೆ ಬಟ್ಟೆ ಉಜ್ಜಿಸಿಕೊಂಡು ಕೂತಿದ್ದಳು. ತಪ್ಪು ತಿಳಿವಳಿಕೆಯೇ ಇರಬಹುದು. ಆದರೆ ಅಷ್ಟು ನೋವಿನಲ್ಲಿ ಅಷ್ಟು ದಿನ ಬಾಯಿ ಮುಚ್ಚಿಕೊಂಡಿರಲು ನನ್ನಿಂದಂತೂ ಆಗುತ್ತಿರಲಿಲ್ಲ. ಯಾರಿಂದ ಆದೀತು?

ಡಾಕ್ಟರು ತಿಳಿಸಿ ಹೇಳಿದಳು. ಸಣ್ಣವರಿದ್ದಾಗ ಅಮ್ಮ, ಅಂದರೆ ಸೀತಾಳೆ ಸಿಡುಬು, ಬಂದು ಹೋದರೂ ಅದರ ವಿಷ ನರದಲ್ಲಿ ಮಲಗಿರುತ್ತದೆ, ವಯಸ್ಸಾದ ಮೇಲೆ ಎದ್ದು ಹೀಗೆ ಮಾಡುತ್ತದೆ. ಗುಳ್ಳೆ ಮಾಯ್ದರೂ ಕೆಲವರಿಗೆ ನರ ಮಾಯುವುದಿಲ್ಲ. "ಅದು ಸುಳ್ಳ ಸುದ್ದಿ ಕಳಸಾಕತ್ತೈತ್ರಿ."

"ಸುಳ್ಳಲ್ರಿ" ಅಂದಳು ಚಿಗವ್ವ, ಅಷ್ಟು ಹೊತ್ತಿನಲ್ಲಿ ಮೊದಲ ಸಲ ದನಿ ಏರಿಸಿ. "ಖರೇನ ಉರೀತೈತಿ."

"ಹೌದ್ರಿ, ಉರಿ ಖರೇ. ಬೆಂಕಿ ಮಾತ್ರ ಇಲ್ಲ. ಗುಳಗಿ ಕೊಡತೇನಿ. ಪೂರಾ ಹೋಗತೈತಿ ಅಂತ ಹೇಳಂಗಿಲ್ಲ, ಕಡಿಮಿ ಆಗತೈತಿ."

"ಕಡಿಮಿ ಆದ್ರ ಸಾಕ್ರಿ. ಉಳದದ್ದ ನಾ ನೋಡ್ಕೋತೇನಿ." ಹೊರಡುವಾಗ ಬಾಗಿಲಲ್ಲಿ ನಿಂತು ಆಕೆ ಇನ್ನೊಂದು ಕೇಳಿದಳು. "ಇದನ್ನ ಕನ್ನಡದಾಗ ಒಂದು ಚೀಟ್ಯಾಗ ಬರದ ಕೊಡ್ರಿ. ಅಂಗಡಿಗಲ್ಲ, ಮನೀಗೆ."

ಡಾಕ್ಟರು ಬರೆದಳು: ಇವರಿಗೆ ನರದ ನೋವು ಇದೆ. ಹೊರಗೆ ಕಾಣುವುದಿಲ್ಲ. ನೋವು ನಿಜ.

ಅದನ್ನು ಓದುವ ಕೆಲಸ ನನ್ನದಾಯಿತು. ಗಂಡ ಮಗ್ಗದಲ್ಲಿದ್ದ. ನಾನು ಓದಿದೆ. ಚಿಗವ್ವ "ಇನ್ನೊಮ್ಮೆ ಓದ್ರಿ" ಅಂದಳು. ಓದಿದೆ. ಅಡಿಗೆಮನೆಯಿಂದ ಸೊಸೆಯನ್ನು ಕರೆಸಿ ಮೂರನೇ ಸಲ ಓದಿಸಿದಳು. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಡ ಲಾಳಿ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ. ಮರುದಿನ ಹೋಗಿ ನೋಡಿದರೆ, ಆಕೆ ಕೂರುವ ಜಾಗದ ಎಡಕ್ಕಿದ್ದ ಕಿಟಕಿಯ ಕೆಳಗಿನ ಅರ್ಧಕ್ಕೆ ಹಲಗೆ ಬಡಿದಿದ್ದ. ಬೆಳಕು ಬರಬೇಕು, ಗಾಳಿ ಮಗ್ಗುಲಿಗೆ ಬಡಿಯಬಾರದು, ಹಾಗೆ. ಚಿಗವ್ವ ಆ ಹಲಗೆ ತೋರಿಸಿ, "ಆರು ವರ್ಷದ ಮಾತ ಒಮ್ಮೆಲೆ ಆಡ್ಯಾರ ನೋಡ್ರಿ" ಅಂದಳು.

ಗುಳಿಗೆ ಸುಮ್ಮನೆ ಕೆಲಸ ಮಾಡಲಿಲ್ಲ. ಮೊದಲ ವಾರ ತಲೆ ತಿರುಗಿ, ತೂಕಡಿಸಿ, ಗೇಣುದ್ದ ಅಂಚು ತಪ್ಪು ನೇಯ್ದಳು. ಅದನ್ನು ಬಿಚ್ಚುತ್ತಾ, "ಸೆರಿ ಕುಡದಂಗಾಗೇತ್ರಿ, ರೊಕ್ಕಿಲ್ಲದ ನಿಶಾ" ಅಂತ ನಕ್ಕಳು. ಡಾಕ್ಟರು ಪ್ರಮಾಣ ಬದಲಿಸಿದಳು, ಮತ್ತೆ ಬದಲಿಸಿದಳು. ನಾಲ್ಕು ತಿಂಗಳಿಗೆ ಚಿಗವ್ವ ಬಂದು, "ಹದಿನಾರಾಣೆ ಇದ್ದದ್ದು ಆರಾಣೆಕ್ಕ ಇಳದೈತ್ರಿ" ಅಂದಳು. ಆ ಆರಾಣೆ ಕೊನೆಯವರೆಗೂ ಉಳಿಯಿತು.

ಸಕ್ಕರೆ ರೋಗದಿಂದ ಪಾದ ಉರಿಯುವವರು, ಕೈ ಜೋಮು ಹಿಡಿದವರು ಅಂಗಡಿಗೆ ಬಂದರೆ ಆಗಿನಿಂದ ಚಿಗವ್ವನದೇ ಉಪದೇಶ. "ಕಾಣಂಗಿಲ್ಲ ಅಂತ ಸುಮ್ಮನ ಕುಂದರಬ್ಯಾಡ್ರಿ. ಡಾಕ್ಟರ್ ಮುಂದ ಒಂದೂ ಮುಚ್ಚಿಡಬ್ಯಾಡ್ರಿ." ಆದರೆ ತನ್ನದನ್ನು ಮಾತ್ರ ಹೆಸರಿಡದೆ 'ಆ ಬ್ಯಾನಿ' ಅನ್ನುತ್ತಿದ್ದಳು. ನಾನು ಒಮ್ಮೆ ಕೆಣಕಿದೆ. "ಇನ್ನೂ ಅಂಜಿಕಿ ಏನ್ ಬೇ? ಡಾಕ್ಟರ್ ಅಷ್ಟು ತಿಳಿಸಿ ಹೇಳ್ಯಾರ."

"ಡಾಕ್ಟರ್ ಖರೇನ ಹೇಳ್ಯಾರ್ರಿ. ಆದ್ರ ಹುಡುಗಿ ನಮ್ಮದು."



ಹೋದ ವರ್ಷ ಬೇಸಗೆಯಲ್ಲಿ ನನ್ನ ಸೊಂಟದ ಬಲಗಡೆ ಎರಡು ದಿನ ಚುರುಚುರು ಅಂದಿತು. ಗ್ಯಾಸೆಂದು ಗುಳಿಗೆ ನುಂಗಿದೆ, ಹಿಡಿದಿದೆಯೆಂದು ಮುಲಾಮು ಸವರಿದೆ. ಆಕೆಗೆ ಮಾಡಿದ್ದನ್ನೇ ನನಗೂ ಮಾಡಿಕೊಂಡೆ. ಮೂರನೇ ದಿನ ಜಳಕಕ್ಕೆ ಹೋದಾಗ ನೋಡಿದರೆ ನಾಲ್ಕೈದು ಗುಳ್ಳೆ, ಗೊಂಚಲು. ಅತ್ತೆ ನೋಡಿದರು, ಬಾಗಿಲು ಹಾಕಿದರು. "ಹೆಸರ ತಗೀಬ್ಯಾಡ. ಮನ್ಯಾಗ ಕೂಸೈತಿ. ಸಂಜಿಕ ಹುರಮಂಜ ಬರಸೂಣು." ಕೂಸು ಅಂದರೆ ನನ್ನ ಮೈದುನನ ಎರಡು ವರ್ಷದ ಮಗಳು. ನಾನು, ಫಾರ್ಮಸಿ ಓದಿದವಳು, ಚಿಗವ್ವನ ಪಾಡನ್ನು ಕಣ್ಣಾರೆ ಕಂಡವಳು, ಹೂಂ ಅಂದೆ! ಬೆವರುಸಾಲೆ ಇದ್ದರೂ ಇರಬಹುದು ಅಂತ ನನಗೆ ನಾನೇ ಹೇಳಿಕೊಂಡು ಅಂಗಡಿಗೆ ಬಂದು ಕೂತೆ. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬಾಯಿ ಅಂದು ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ.

ಚಿಗವ್ವ ತನ್ನ ತಿಂಗಳ ಗುಳಿಗೆಗೆ ಬಂದಳು. ಹೊರಗೆ ಕೆಂಡದಂಥ ಬಿಸಿಲು. ಮೇಲೆ ನೋಡಿದಳು. "ಫ್ಯಾನ್ ಕೆಟ್ಟೈತೇನ್ರಿ?"

"ಇಲ್ಲ, ನಾನ ಆರಿಸೇನಿ. ಯಾಕೋ ಥಂಡಿ."

ಎಂದೂ ಮೇಜು ದಾಟಿ ಒಳಗೆ ಬಂದವಳಲ್ಲ. ಅಂದು, ನಾನು ಸೀರೆಯನ್ನು ಸೊಂಟಕ್ಕೆ ತಾಗದ ಹಾಗೆ ಎತ್ತಿ ಹಿಡಿದದ್ದನ್ನು ಕಂಡು, ಬಂದಳು. ನನ್ನ ಸೊಂಟದ ಹತ್ತಿರ, ಮುಟ್ಟದೆ, ನಾಲ್ಕು ಬೆರಳು ದೂರದಲ್ಲಿ ಅಂಗೈ ಒಡ್ಡಿದಳು. "ಗುಳ್ಳಿ ಎದ್ದು ಎಷ್ಟು ದಿನಾತು?"

"ಇವತ್ತ ಮುಂಜಾನಿ. ಬೆವರಸಾಲಿ ಇರಬೇಕು ಬೇ."

ಅಂಗಡಿಯ ಮುಂದೆ ಮೂವರು ಗಿರಾಕಿಗಳು ನಿಂತಿದ್ದರು. ಆಕೆ ಅವರ ಮುಂದೆಯೇ, ಓಣಿಗೆಲ್ಲ ಕೇಳುವ ಹಾಗೆ ಅಂದಳು: "ಬೆವರಸಾಲಿ ಅಲ್ಲ. ನಿನಗ ಸರ್ಪಸುತ್ತ ಆಗೇತಿ ತಂಗಿ. ನನಗೂ ಸರ್ಪಸುತ್ತ ಆಗಿತ್ತು."

ಹತ್ತು ವರ್ಷ ಆ ಬಾಯಿಂದ ಬಾರದ ಹೆಸರು ಒಂದೇ ಉಸಿರಿನಲ್ಲಿ ಎರಡು ಸಲ ಬಂತು. ನನ್ನನ್ನು ಆಕೆ ತಂಗಿ ಅಂದದ್ದೂ, ನೀ ಅಂದದ್ದೂ ಅಂದೇ ಮೊದಲು. "ಮೆಲ್ಲಕ ಅನ್ ಬೇ" ಅಂದೆ.

"ಮೆಲ್ಲಕ ಅಂದು ನನಗೇನ ಬಂತು? ಶಟರ್ ಎಳಿ. ಡಾಕ್ಟರ್ ಕಡೆ ನಡಿ, ಲಗೂ."

ಗುಳ್ಳೆ ಎದ್ದ ದಿನವೇ ಬಂದದ್ದು ಒಳ್ಳೆಯದಾಯಿತು ಅಂದರು ನಮ್ಮೂರಿನ ಡಾಕ್ಟರು. ದಿನಕ್ಕೆ ಐದು ಗುಳಿಗೆ, ಒಂದು ವಾರ. ಕೂಸನ್ನು ಗುಳ್ಳೆ ಒಣಗುವವರೆಗೆ ದೂರ ಇಡಲು ಹೇಳಿದರು. ಹದಿನೈದು ದಿನಕ್ಕೆ ಎಲ್ಲ ಒಣಗಿತು. ನನಗೆ ನೋವು ಉಳಿಯಲಿಲ್ಲ, ಆರಾಣೆ ಬಿಡಿ, ಒಂದಾಣೆಯೂ ಇಲ್ಲ. ಅಷ್ಟು ವರ್ಷ ಬಚ್ಚಿಟ್ಟ ಹೆಸರನ್ನು ಅಂದು ಹೇಗೆ ಆಡಿದೆ ಅಂತ ಆಮೇಲೆ ಒಂದು ಸಲ ಕೇಳಿದೆ. "ಬಂತು ಬಾಯಾಗ, ಅಂದೆ" ಅಂದು ಮಾತು ಮರೆಸಿದಳು. ನರಗುಂದದ ಡಾಕ್ಟರರ ಮಾತು ಅಂತೂ ತಲೆಗೆ ಹೋಯಿತು, ಅಂಜಿಕೆ ಬಿಟ್ಟಿತು ಅಂತ ನಾನು ತಿಳಿದುಕೊಂಡೆ.

ತೀರಿಕೊಂಡ ಐದನೇ ದಿನ ಅವರ ಮನೆಗೆ ಹೋಗಿದ್ದೆ. ಸೊಸೆ ಪಡಸಾಲೆಯಲ್ಲಿ ಚಾಪೆ ಹಾಸಿದಳು. ಅದೂ ಇದೂ ಮಾತಾಡುತ್ತ ಅಂದಳು, "ಅಕ್ಕಾರ, ನಿಮಗ ಆರಾಮಿಲ್ಲ ಆಗಿತ್ತಲ್ಲ ಹೋದ ವರ್ಷ, ಆವಾಗ ಅತ್ತಿ ಭಾಳ ವಿಚಿತ್ರ ಮಾಡಿದ್ರು. ನಿಮ್ಮ ಅಂಗಡಿಯಿಂದ ಬಂದಾಕಿನ ಮಗಳ ಅಂಗಿ ಎತ್ತಿ ಬೆನ್ನ ನೋಡಿದ್ರು. ಮರುದಿನ ಮುಂಜಾನಿ ಮತ್ತ ನೋಡಿದ್ರು. ತಿಂಗಳತನಕ ದಿನಾ ನೋಡ್ಯಾರ. ಊಟಾ ಸೈತ ಸರಿಯಾಗಿ ಮಾಡಲಿಲ್ಲ. ಏನ್ ಹುಡುಕತೀರಿ ಅಂದ್ರ ಒಟ್ಟ ಹೇಳಲಿಲ್ಲ. ನಿಮಗೇನರ ಗೊತ್ತೈತೇನ್ರಿ?"

ನನಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ಗೊತ್ತಾಯಿತು. ಅಂಜಿಕೆ ಆಕೆಯನ್ನು ಬಿಟ್ಟಿರಲೇ ಇಲ್ಲ. ಹೆಸರು ತೆಗೆದರೆ ಮೊಮ್ಮಗಳಿಗೆ ಸುತ್ತುತ್ತದೆ ಅಂತ ಅಂದೂ ನಂಬಿದ್ದಳು. ನಂಬಿಯೂ, ಮೂವರ ಮುಂದೆ, ನನ್ನ ಸಲುವಾಗಿ ಬಾಯಿ ಬಿಟ್ಟಿದ್ದಳು. ನಾನು ಆಕೆಗೆ ಯಾರು? ಗುಳಿಗೆ ಮಾರುವವಳು.

ಮೊಮ್ಮಗಳಿಗೆ ಈಗ ಹನ್ನೊಂದು ವರ್ಷ. ಅಜ್ಜಿಯ ಮಗ್ಗದ ಕುಣಿಯ ದಂಡೆಗೆ ಕೂತು ನಮ್ಮನ್ನೇ ನೋಡುತ್ತಿದ್ದಳು. ಸೊಸೆ ಹುಡುಗಿಯನ್ನು ಹೊರಗೆ ಕಳಿಸಲು ಎದ್ದಳು. ಬೇಡ, ಇರಲಿ ಅಂದೆ. ಆಮೇಲೆ ಜಕ್ಕಲಿಯಿಂದ ಶುರುಮಾಡಿ, ರೋಗದ ಹೆಸರು ಹಿಡಿದು, ಮೆಲ್ಲಗಲ್ಲ, ಎಲ್ಲವನ್ನೂ ಹೇಳಿದೆ.